ಚಾಳಿ ಇಲ್ಲದ ಹಾಲು

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಗೋತ್ರ ನಕ್ಷತ್ರ ಕೇಳುವುದಕ್ಕೆ ಮುಂಚೆ ಒಂದು ಮಾತು ಕೇಳುತ್ತಾರೆ: ಹುಡುಗಿ ಯಾರ ಹಾಲು ಕುಡಿದು ಬೆಳೆದವಳು? ಕೇಳದಿದ್ದರೆ ಆಮೇಲೆ ಅವರೇ ಅನುಭವಿಸುತ್ತಾರೆ. ನಮ್ಮದು ಬರೀ ಬಂಡೆಯ ನೆಲ, ಹುಲ್ಲು ಹುಟ್ಟುವುದಿಲ್ಲ, ಹಸು ಎಮ್ಮೆ ಕಟ್ಟಿದವರಿಲ್ಲ. ತಾಯಿಯ ಮೊಲೆ ಬಿಟ್ಟ ಕೂಸು ಇಲ್ಲಿ ಕುಡಿಯುವುದು ಎಳ್ಳಿನದೋ ಕಾಯಿಯದೋ ಕಡಲೆಬೀಜದ್ದೋ ಹಾಲು. ಮೂರು ವರ್ಷ ತುಂಬುವ ತನಕ ಯಾರ ಕೈಯಲ್ಲಿ ಹಿಂಡಿದ ಹಾಲು ಹೊಟ್ಟೆಗೆ ಹೋಯಿತೋ ಅವರ ಚಾಳಿ ಮಗುವಿಗೆ ಬರುತ್ತದೆ. ಮೂರು ತುಂಬಿದ ಮೇಲೆ ಕಚ್ಚಿಕೊಂಡು ಬಿಡುತ್ತದೆ, ಸಾಯುವವರೆಗೂ ಹೋಗುವುದಿಲ್ಲ.

ನಾನು ಚೆನ್ನಾಜಮ್ಮ. ಪಡುವಣ ಬೀದಿಯಲ್ಲಿ ನನ್ನದು ಎಳ್ಳುಹಾಲಿನ ಅಂಗಡಿ, ಮೂವತ್ತನಾಲ್ಕು ವರ್ಷದಿಂದ. ಏನಾದರೂ ಯೋಚನೆ ಮಾಡುವಾಗ ನಾನು ಎಡಗಿವಿಯ ತುದಿ ಜಗ್ಗುತ್ತೇನೆ. ಆದ್ದರಿಂದ ನಮ್ಮ ಬೀದಿಯ ಅರ್ಧ ಜನ ಜಗ್ಗುತ್ತಾರೆ. ಪರೀಕ್ಷೆಯ ದಿನ ಶಾಲೆಯ ಕಿಟಕಿಯಲ್ಲಿ ಇಣುಕಿದರೆ ಸಾಕು, ಯಾವ ಮಕ್ಕಳು ನನ್ನವು ಎಂದು ಗೊತ್ತಾಗುತ್ತಿತ್ತು. ಬಾವಿ ಬೀದಿಯ ಪರ್ವತಣ್ಣನದು ಕಾಯಿಹಾಲು. ಅವನು ತಮಾಷೆ ಹೇಳುವ ಮೊದಲೇ ನಕ್ಕುಬಿಡುವ ಆಸಾಮಿ. ಅವನ ಹಾಲಿನ ಮಕ್ಕಳೂ ಹಾಗೇ, ಮಾತು ಮುಗಿಯುವಷ್ಟರಲ್ಲಿ ತಾವು ನಕ್ಕು ಮುಗಿಸಿರುತ್ತಾರೆ, ಕೇಳುವವರಿಗೆ ಏನೂ ಉಳಿದಿರುವುದಿಲ್ಲ. ಒಂದು ಸಲ ಅವನು ತೆಂಗಿನ ಮೂಟೆ ಇಳಿಸುವಾಗ ಬಿದ್ದು ಕಾಲು ಮುರಿದುಕೊಂಡ. ಆ ಒಂದೂವರೆ ತಿಂಗಳು ಬಾವಿ ಬೀದಿಯ ಪುಟ್ಟ ಮಕ್ಕಳೆಲ್ಲ ಬಲಗಾಲು ಎಳೆದುಕೊಂಡು ನಡೆದವು. ಅವನ ಕಾಲು ಸರಿಹೋಯಿತು, ಅವುಗಳದ್ದೂ ಸರಿಹೋಯಿತು. ಮೂರು ತುಂಬದ ಕೂಸಿಗೂ ಹಿಂಡಿದ ಕೈಗೂ ನಡುವೆ ಹಾಗೊಂದು ದಾರ ಇರುತ್ತದೆ.

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಸೂತಕದ ಮನೆಯವರು ಹಾಲು ಹಿಂಡುವುದಿಲ್ಲ. ಸಿಟ್ಟಿನಲ್ಲಿ ಹಿಂಡುವುದಿಲ್ಲ. ಬೆಳಿಗ್ಗೆ ಒರಳಿನ ಮುಂದೆ ಕೂರುವ ಮೊದಲು ಹೊಸಿಲ ಮೇಲೆ ನಿಂತು, ಮನಸ್ಸಿನಲ್ಲಿ ಏನು ಭಾರ ಇದೆಯೋ ಅದನ್ನು ಎದುರಿಗಿದ್ದವರಿಗೆ ಬಾಯಿಬಿಟ್ಟು ಹೇಳಬೇಕು. ಕೇಳಿದವರು ತಿರುಗಿ ಏನೂ ಅನ್ನುವಂತಿಲ್ಲ. ಚೊಂಬಿನಿಂದ ಕೈಗೆ ನೀರು ಹಾಕಬೇಕು, ಅಷ್ಟೆ. ನನ್ನ ಕೈಗೆ ಎಂಟು ವರ್ಷದಿಂದ ನೀರು ಹಾಕುತ್ತಿದ್ದವಳು ಸೊಸೆ ಸುಮಿತ್ರೆ. ಅತ್ತೆಯ ಮನಸ್ಸಿನದೆಲ್ಲ ದಿನಾ ಬೆಳಿಗ್ಗೆ ಕೇಳಿಸಿಕೊಂಡೂ ಮನೆಯಲ್ಲಿ ಜಗಳವಿಲ್ಲದೆ ಇದ್ದಳೆಂದರೆ ಅವಳು ಎಂಥವಳು ಎಂದು ನೀವೇ ತಿಳಿದುಕೊಳ್ಳಿ. ನನ್ನ ಮಗ ಲಾರಿಯ ಮೇಲೆ ಊರೂರು ಸುತ್ತುತ್ತಾನೆ. ಮನೆಯಲ್ಲಿ ನಾನು, ಸುಮಿತ್ರೆ, ಮೊಮ್ಮಗಳು ಜಾಜಿ, ಮೂರೇ ಜನ.

ಎರಡು ವರ್ಷದ ಹಿಂದೆ ಊರ ಬಡಗಣ ತುದಿಯಲ್ಲಿ, ಬಸ್ಸಿನ ರಸ್ತೆಯ ಪಕ್ಕ, ತಗಡಿನ ಕಾರ್ಖಾನೆ ಎದ್ದಿತು. ಸೋಯಾ ಹಾಲು, ಪ್ಯಾಕೆಟ್ಟಿನಲ್ಲಿ. ಮನೆಮನೆಗೂ ಒಂದೊಂದು ಪುಕ್ಕಟೆ ಹಂಚಿದರು. ಪ್ಯಾಕೆಟ್ಟಿನ ಮೇಲೆ ನೀಲಿ ಅಕ್ಷರದಲ್ಲಿ ಬರೆದಿತ್ತು: ‘ಕೈ ಸೋಕದ ಹಾಲು. ಚಾಳಿ ಇಲ್ಲದ ಹಾಲು.’ ನೆನೆಸುವುದು, ರುಬ್ಬುವುದು, ಹಿಂಡುವುದು ಎಲ್ಲ ಮೆಷಿನ್ನೇ ಅಂತೆ. ಮಗು ಯಾರಂತೆಯೂ ಆಗುವುದಿಲ್ಲ, ಮಗು ಮಗುವಿನಂತೆಯೇ ಇರುತ್ತದೆ ಎಂದು ಮೈಕಿನಲ್ಲಿ ಕೂಗಿಸಿದರು. ನಾನು ನಕ್ಕೆ. ಯಾರಂತೆಯೂ ಇಲ್ಲದ ಮಗು ಯಾವ ತಾಯಿಗೆ ಬೇಕು ಎಂದುಕೊಂಡೆ. ಬೇಕಿತ್ತು, ಬಹಳ ಜನಕ್ಕೆ ಬೇಕಿತ್ತು. ಕಡಲೆಬೀಜದ ಹಾಲು ಮಾರುವ ಚಿಕ್ಕತಾಯಿಯ ಹಾಗೆ ತಮ್ಮ ಮಕ್ಕಳೂ ಉಗುರು ಕಡಿಯುವುದನ್ನು ಕಂಡು ಬೇಸತ್ತವರು, ನನ್ನ ಕಿವಿ ಜಗ್ಗುವಿಕೆಯಿಂದ ಹೆಣ್ಣುಮಕ್ಕಳ ಓಲೆಯ ತೂತು ಜೋತುಬೀಳುತ್ತದೆ ಎಂದು ಗೊಣಗುತ್ತಿದ್ದವರು, ಎಲ್ಲರೂ ಅತ್ತ ವಾಲಿದರು.

ಅದಕ್ಕಿಂತ ದೊಡ್ಡ ಕಾರಣ ಬೆಲೆ. ನನ್ನ ಹಾಲು ಸೇರಿಗೆ ನಲವತ್ತು ರೂಪಾಯಿ, ಅವರದು ಹದಿನೆಂಟು. ನಾನು ಮೂವತ್ತೈದಕ್ಕೆ ಇಳಿಸಿದೆ, ಅವರು ಹದಿನಾಲ್ಕಕ್ಕೆ ಇಳಿಸಿದರು. ಎಳ್ಳಿಗೇ ನನಗೆ ಇಪ್ಪತ್ತೆರಡು ಬೀಳುತ್ತಿತ್ತು. ನಾನು ಬೆಳಿಗ್ಗೆಯಿಂದ ಕೂತು ರುಬ್ಬಿದರೆ ಮೂವತ್ತು ಸೇರು, ಅವರು ಒಂದು ಗಂಟೆಯಲ್ಲಿ ಅದರ ಹತ್ತರಷ್ಟು ತೆಗೆಯುತ್ತಿದ್ದರು. ಚಿಕ್ಕತಾಯಿ ಒರಳನ್ನು ಮಗುಚಿಟ್ಟು ಮಗಳ ಊರಿಗೆ ಹೋದಳು. ಪರ್ವತಣ್ಣ ಆರು ತಿಂಗಳು ಹಲ್ಲು ಕಚ್ಚಿದ, ಆಮೇಲೆ ಅಂಗಡಿ ಮುಚ್ಚಿ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಸೇರಿಕೊಂಡ. ಉಳಿದವಳು ನಾನೊಬ್ಬಳು. ಹಳೆಯ ನೇಮದ ನಲವತ್ತು ಮನೆಯವರು ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮ ಮಗು ನಿನ್ನ ಹಾಗೇ ಕಿವಿ ಜಗ್ಗಲಿ ಕಣಮ್ಮ ಎಂದು ಹೇಳಿ ಬರುತ್ತಿದ್ದರು.

ಹೋದ ಸಂಕ್ರಾಂತಿಗೆ ಎಳ್ಳಿನ ಬೆಲೆ ಏರಿದ್ದು ಇಳಿಯಲೇ ಇಲ್ಲ. ಆಗ ನಾನು ಆ ಕೆಲಸ ಮಾಡಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಮೂಡಣ ಬೀದಿಯಲ್ಲಿ ನನ್ನ ಗುರುತಿಲ್ಲದ ಒಂದು ಅಂಗಡಿಯಿಂದ ಪ್ಯಾಕೆಟ್ ಹಾಲು ತಂದು, ನನ್ನ ಎಳ್ಳುಹಾಲಿನ ದೊಡ್ಡ ಪಾತ್ರೆಗೆ ಸರಿಸಮ ಬೆರೆಸಿದೆ. ಒಂದು ದಿನವಲ್ಲ, ಪ್ರತಿದಿನ. ಕೈಹಾಕಿ ಕಲಸುವ ಮೊದಲು ಒಮ್ಮೆ ಎಡಭುಜದ ಮೇಲಿಂದ ಹಿಂದೆ, ಬಾಗಿಲ ಕಡೆ ನೋಡುತ್ತಿದ್ದೆ. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಕೈ ಹಾಕುತ್ತಿದ್ದೆ. ಹೊಸಿಲ ಮೇಲೆ ಸುಮಿತ್ರೆ ಚೊಂಬು ಹಿಡಿದು ನಿಂತರೆ, ಮಂಡಿ ನೋವು ಕಣೆ, ಎಳ್ಳು ದುಬಾರಿ ಕಣೆ ಎಂದು ಏನೋ ಒಂದು ಹೇಳಿ ಕೈ ಒಡ್ಡುತ್ತಿದ್ದೆ. ಅವಳು ನೀರು ಹಾಕುತ್ತಿದ್ದಳು. ಕಾರ್ಖಾನೆ ಬಂದ ಮೇಲೆ ಮೊದಲ ಸಲ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಪಾಪಭೀತಿ ಇರಲಿಲ್ಲವೆ ಎಂದರೆ ಇತ್ತು. ಆದರೆ ಚಾಳಿಯೇ ಇಲ್ಲದ ಹಾಲಲ್ಲವೆ, ಬೆರೆತರೂ ನನ್ನ ಚಾಳಿಯೇ ತಾನೆ ಹೋಗುವುದು ಎಂದು ಸಮಾಧಾನ ಮಾಡಿಕೊಂಡೆ. ಜಾಜಿಗೆ ಮಾತ್ರ ಮೊದಲ ಹಿಂಡಿಕೆಯ ಅಪ್ಪಟ ಎಳ್ಳುಹಾಲನ್ನು ಸಣ್ಣ ಹಿತ್ತಾಳೆ ಚೊಂಬಿನಲ್ಲಿ ಬೇರೆ ತೆಗೆದಿಡುತ್ತಿದ್ದೆ.

ಯುಗಾದಿಯ ಹೊತ್ತಿಗೆ ಆ ನೋಟ ಶುರುವಾಯಿತು. ಮಧ್ಯಾಹ್ನ ನಾಲ್ಕು ಗಂಟೆಗೆ ಸರಿಯಾಗಿ ಬಾವಿ ಬೀದಿಯ ಒಂದು ಕೂಸು ಆಟ ಬಿಟ್ಟು ಎದ್ದು ರಸ್ತೆಗೆ ಬಂತು. ಬಡಗಣ ದಿಕ್ಕಿಗೆ ಮುಖ ಮಾಡಿ, ಬಲಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ದೂರದ ರಸ್ತೆ ನೋಡುತ್ತಾ ನಿಂತಿತು. ಎಡಗೈ ಸೊಂಟದ ಪಕ್ಕ ಮೆಲ್ಲಗೆ ತಟ್ಟುತ್ತಿತ್ತು. ಐದು ನಿಮಿಷ ಹಾಗೇ ನಿಂತು ತಿರುಗಿ ಆಟಕ್ಕೆ ಹೋಯಿತು. ಮರುದಿನ ನಾಲ್ಕು ಮಕ್ಕಳು. ವಾರದಲ್ಲಿ ಮೂವತ್ತು, ತಿಂಗಳಲ್ಲಿ ಲೆಕ್ಕವಿಲ್ಲ. ಅಳು ಇಲ್ಲ, ಮಾತಿಲ್ಲ. ಸರಿಯಾಗಿ ನಡೆಯಲು ಬಾರದವು ಅಂಬೆಗಾಲಿಟ್ಟು ಹೊಸಿಲವರೆಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದವು. ನಾಲ್ಕರ ಬಸ್ಸು ಧೂಳೆಬ್ಬಿಸಿಕೊಂಡು ಬಂದು, ಇಳಿಯುವವರು ಇಳಿದು, ಮುಂದೆ ಹೋಗುತ್ತಿತ್ತು. ಆಮೇಲೆ ಎಲ್ಲ ಮಕ್ಕಳೂ ಒಟ್ಟಿಗೆ ಕೈ ಇಳಿಸುತ್ತಿದ್ದವು.

ನಮ್ಮ ಜನ ಯಾವುದಕ್ಕೂ ಹೊಂದಿಕೊಂಡುಬಿಡುತ್ತಾರೆ. ಮೂರೂಮುಕ್ಕಾಲಿಗೆ ಸೈಕಲ್ಲು ಗಾಡಿಗಳನ್ನು ಬೀದಿಯಿಂದ ತೆಗೆದು ಒಳಗಿಡಲು ಕಲಿತರು. ಬಿಸಿಲು ಹೆಚ್ಚಾದಾಗ ಅಂಗನವಾಡಿಯ ಟೀಚರು ಚಪ್ಪರ ಹಾಕಿಸಿದಳು. ಟೋಪಿ ಮಾರುವವನಿಗೆ ಒಳ್ಳೆಯ ವ್ಯಾಪಾರವಾಯಿತು. ದೂರ ನೋಡಿದರೆ ಕಣ್ಣಿಗೆ ಒಳ್ಳೆಯದು ಎಂದು ಕಾರ್ಖಾನೆಯವರು ಪ್ಯಾಕೆಟ್ಟಿನ ಮೇಲೆ ಒಂದು ಸಾಲು ಸೇರಿಸಿದರು. ಮೊದಮೊದಲು ತಾಯಂದಿರು ಮಗುವನ್ನು ಎತ್ತಿಕೊಂಡು ಒಳಗೆ ಹೋಗಲು ನೋಡಿದರು. ಎತ್ತಿಕೊಂಡರೆ ಆ ಐದು ನಿಮಿಷ ಮಗು ಮರದ ತುಂಡಿನ ಹಾಗೆ ಸೆಟೆದುಕೊಂಡು, ತಾಯಿಯ ಭುಜದಾಚೆ ಬಡಗಣಕ್ಕೇ ನೋಡುತ್ತಿತ್ತು. ತಾಯಿ ಎನ್ನುವವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಅದಕ್ಕಿಂತ ಬಿಟ್ಟುಬಿಡುವುದೇ ವಾಸಿ ಎಂದುಕೊಂಡರು. ಪಾತ್ರೆ ತೊಳೆಯುತ್ತಾ, ಸೊಪ್ಪು ಬಿಡಿಸುತ್ತಾ, ಜಗಲಿಯ ಮೇಲೆ ಕೂತು ತಮ್ಮ ಮಕ್ಕಳು ಮುಗಿಸುವುದನ್ನು ಕಾಯುತ್ತಿದ್ದರು.

ಯಾರ ಚಾಳಿ ಇದು ಎಂದು ಯಾರಿಗೂ ತಿಳಿಯಲಿಲ್ಲ. ಆದರೆ ಸೊಂಟ ತಟ್ಟುವ ಆ ಎಡಗೈಯನ್ನು ನೋಡಲಾರದೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಮಲಗಿಸುವಾಗ ತಟ್ಟುವುದು ಹಾಗೆ. ಆ ಮಕ್ಕಳು ಇಲ್ಲದ ಕೂಸನ್ನು ತಟ್ಟುತ್ತಿದ್ದವು.

ವೈಶಾಖದ ಒಂದು ಮಧ್ಯಾಹ್ನ ನಾನು ಒರಳು ತೊಳೆಯುತ್ತಿದ್ದೆ. ಜಾಜಿ ಪಕ್ಕದಲ್ಲಿ ಕೂತು ಎಳ್ಳಿನ ಚರಟದಲ್ಲಿ ಉಂಡೆ ಕಟ್ಟುತ್ತಿದ್ದಳು. ಅವಳಿಗೆ ಆಗ ಎರಡೂವರೆ. ಕಟ್ಟುತ್ತಿದ್ದ ಉಂಡೆಯನ್ನು ಕೆಳಗಿಟ್ಟಳು. ಎದ್ದಳು. ಹೊಸಿಲಿಗೆ ಹೋಗಿ ಬಡಗಣಕ್ಕೆ ತಿರುಗಿ ಬಲಗೈಯನ್ನು ಹುಬ್ಬಿಗೆ ಇಟ್ಟಳು. ಎಡಗೈ ತಟ್ಟತೊಡಗಿತು. ನಾನು ಓಡಿಹೋಗಿ ಅವಳ ಮುಂದೆ ಕೂತು, ಜಾಜಿ, ಜಾಜೀ ಎಂದೆ. ಅವಳು ಕತ್ತನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿದಳು. ನಾನು ಅಡ್ಡ ಬಂದಿದ್ದೆ, ರಸ್ತೆ ಕಾಣುತ್ತಿರಲಿಲ್ಲ.

‘ಸುಮೀ, ಮಗೂಗೆ ಯಾವ ಹಾಲು ಕೊಟ್ಟೆ?’ ಎಂದು ಕಿರುಚಿದೆ.

ಸುಮಿತ್ರೆ ಒಳಗಿಂದ ಬಂದಳು. ‘ನಮ್ಮ ಹಾಲೇ ಅತ್ತೆ, ಇನ್ಯಾವ್ದು? ದೊಡ್ಡ ಪಾತ್ರೇದು.’

‘ಹಿತ್ತಾಳೆ ಚೊಂಬಿಂದು?’

‘ಅದು ಗಟ್ಟಿಯಾಗಿರುತ್ತಲ್ಲ, ಮೂಲೆ ಮನೆ ಸಾಕಮ್ಮನ ಮೊಮ್ಮಗನಿಗೆ ಕೊಡ್ತಿದೀನಿ. ಬಡಕಲು ಮಗು. ಹೇಗೂ ಎರಡೂ ನಿಮ್ಮ ಕೈಯ ಹಾಲೇ ಅಲ್ವಾ ಅಂತ, ನಾಲ್ಕು ತಿಂಗಳಿಂದ ಹಾಗೇ ಮಾಡ್ತಿದೀನಿ.’ ಎಂದವಳು ಮಗಳನ್ನು ನೋಡಿದಳು. ಪಕ್ಕ ಕೂತು ಅವಳ ತಟ್ಟುವ ಕೈ ಹಿಡಿದಳು. ‘ನಮ್ಮ ಮಗು ಪ್ಯಾಕೆಟ್ ಹಾಲು ಬಾಯಿಗಿಟ್ಟಿಲ್ಲ ಅತ್ತೆ. ಒಂದು ದಿನವೂ ಇಟ್ಟಿಲ್ಲ. ಇದೆಂಗಾಯ್ತು?’

ಆಗಲೇ ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ನಾನು ಹೇಳಿದ್ದು, ಬೀದಿ ಮಕ್ಕಳ ಜೊತೆ ಆಡಿ ಕಲಿತಿರಬೇಕು ಎಂದು. ಅವಳು ನಂಬಿದಳು, ಅಥವಾ ನಂಬಿದ ಹಾಗೆ ತಲೆಯಾಡಿಸಿದಳು.

ಮರುದಿನದಿಂದ ಬೆರೆಸುವುದನ್ನು ಬಿಟ್ಟೆ. ನಷ್ಟವಾದರೆ ಆಗಲಿ ಎಂದು ಅಪ್ಪಟ ಎಳ್ಳುಹಾಲನ್ನೇ ಮಾರಿದೆ. ಜಾಜಿಗೆ ನಾನೇ ಎದುರು ಕೂತು ಕುಡಿಸಿದೆ. ಒಂದು ತಿಂಗಳಾದರೂ ನಾಲ್ಕು ಗಂಟೆಗೆ ಅವಳು ಏಳುವುದು ತಪ್ಪಲಿಲ್ಲ. ದಾರ ಆಗಲೇ ಬಿದ್ದಿತ್ತು. ಆ ಕೈ ಯಾರದೋ, ಅವರ ಸಂಕಟ ನಿಲ್ಲದೆ ಇವಳದು ನಿಲ್ಲುವುದಿಲ್ಲ. ಮೂರು ತುಂಬಲು ಐದು ತಿಂಗಳು ಉಳಿದಿತ್ತು. ಅಷ್ಟರಲ್ಲಿ ನಿಲ್ಲದಿದ್ದರೆ ನನ್ನ ಮೊಮ್ಮಗಳು ಮದುವೆಯಾಗಿ, ಮಕ್ಕಳ ತಾಯಿಯಾಗಿ, ಮುದುಕಿಯಾದರೂ ದಿನಾ ನಾಲ್ಕು ಗಂಟೆಗೆ ಎದ್ದು ಹೋಗಿ, ಯಾರು ಎಂದು ತನಗೇ ಗೊತ್ತಿಲ್ಲದವರಿಗಾಗಿ ಕಾಯಬೇಕು. ಇದನ್ನು ನೆನೆದು ನಾನು ಅತ್ತುಬಿಟ್ಟೆ. ಅತ್ತ ಕೈಯಲ್ಲಿ ಹಿಂಡಬಾರದೆಂದು ಆ ದಿನ ಒರಳಿನ ಮುಂದೆ ಕೂರಲಿಲ್ಲ.

ಕಾರ್ಖಾನೆಗೆ ಹೋದೆ. ಗೇಟಿನಲ್ಲಿ ಪರ್ವತಣ್ಣ ಖಾಕಿ ಅಂಗಿ ತೊಟ್ಟು ಸ್ಟೂಲಿನ ಮೇಲೆ ಕೂತಿದ್ದ. ನನ್ನನ್ನು ಕಂಡು ನಗಲಿಲ್ಲ. ಅವನು ನಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಒಳಗೆ ಯಾರಿದಾರೆ ಪರ್ವತಣ್ಣ? ಸುಳ್ಳು ಹೇಳ್ಬೇಡ.’

‘ಚೆನ್ನಾಜಕ್ಕ, ಮೆಷಿನ್ ಹಾಲು ಒಂದು ಗಂಟೆ ನಿಲ್ಲಲ್ಲ. ನೀರು ಬೇರೆ, ಹಿಟ್ಟು ಬೇರೆ ಆಗೋಗುತ್ತೆ. ಕೈ ಬೀಳ್ಲೇಬೇಕು. ನಂಗೂ ಬಂದ ಮೇಲೇ ಗೊತ್ತಾಗಿದ್ದು.’ ಸುತ್ತ ನೋಡಿದ. ‘ನಿನ್ ಮೊಮ್ಮಗಳು ಎದ್ದು ನಿಂತಿದ್ದು ಕಂಡೆ. ಹೋಗು. ಹಿಂದಿನ ಬಾಗಿಲು.’

ಒಳಗೆ ಯಂತ್ರಗಳ ಗದ್ದಲ. ಅದರಾಚೆ ಒಂದು ಕೋಣೆ, ಕೋಣೆಯ ತುಂಬ ಒಂದು ಉಕ್ಕಿನ ತೊಟ್ಟಿ. ನಮ್ಮ ಬಾವಿಯಷ್ಟು ಅಗಲ. ಅದರ ಅಂಚಿನಲ್ಲಿ ಹಲಗೆಯ ಮೇಲೆ ಒಬ್ಬ ಹೆಂಗಸು ಮಂಡಿಯೂರಿ ಕೂತು, ಎರಡೂ ಕೈಗಳನ್ನು ಮೊಣಕೈವರೆಗೆ ಹಾಲಿನಲ್ಲಿ ಮುಳುಗಿಸಿ ತಿರುವುತ್ತಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಕೈಯ ಚರ್ಮ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿ, ಮುದುಕಿಯ ಕೈಯ ಹಾಗಿತ್ತು. ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಬಡಗಣಕ್ಕೆ.

ನಾನು ಮಾತಾಡಿಸುವಷ್ಟರಲ್ಲಿ ನಾಲ್ಕಾಯಿತು. ಅವಳು ಕೈ ಝಾಡಿಸಿ ಎದ್ದಳು. ಹಲಗೆಯ ತುದಿಗೆ ಹೋಗಿ, ಬಲಗೈಯನ್ನು ಹುಬ್ಬಿಗೆ ಅಡ್ಡವಿಟ್ಟು ಕಿಟಕಿಯಾಚೆ ನೋಡಿದಳು. ಎಡಗೈ ಸೊಂಟದ ಪಕ್ಕ ತಟ್ಟಿತು. ಹಾಲು ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಸ್ಸು ಬಂತು, ನಿಂತಿತು, ಹೋಯಿತು. ನನ್ನ ಜಾಜಿ ಕೈ ಇಳಿಸುವ ಹಾಗೆಯೇ ಅವಳು ಕೈ ಇಳಿಸಿದಳು.

ಅವಳ ಹೆಸರು ದುರ್ಗವ್ವ. ಬಸ್ಸಿನಲ್ಲಿ ಎರಡು ದಿನದ ದಾರಿಯ ಊರಿನವಳು. ಏಜೆಂಟನೊಬ್ಬ ಆರು ತಿಂಗಳ ಕೆಲಸ ಎಂದು ಕರೆತಂದಿದ್ದ. ಎರಡು ವರ್ಷವಾಗಿತ್ತು.

‘ಮಗಳು ಎಂಟು ತಿಂಗಳಾಕಿ ಇದ್ಲ್ರೀ ಅಕ್ಕಾರ, ಅತ್ತಿ ಕೈಯಾಗ ಬಿಟ್ಟು ಬಂದೆ,’ ಎಂದಳು. ‘ಉಗಾದಿಗೆ ಸ್ವಲ್ಪ ಮೊದ್ಲ ಅತ್ತಿ ಹೇಳಿ ಕಳ್ಸಿದ್ಲು, ನಾಕರ ಬಸ್ಸಿಗೆ ಕರ್ಕೊಂಡು ಬರ್ತೀನಿ ಅಂತ. ಯಾವ ದಿನ ಅಂತ ಹೇಳ್ಲಿಲ್ಲ. ಅದಕ್ಕ ದಿನಾ ನೋಡ್ತೀನಿ.’

‘ಹೊರಗೆ ಹೋಗಿದೀಯೇನಮ್ಮ ಯಾವತ್ತಾದ್ರೂ? ಊರೊಳಗೆ?’

‘ಬಿಡಂಗಿಲ್ರೀ. ಕೈ ಐತಿ ಅಂತ ಮಂದಿಗೆ ಗೊತ್ತಾಗಬಾರದಂತ.’

ನಾನು ನಮ್ಮ ಊರಿನ ಮಕ್ಕಳ ಸಂಗತಿ ಹೇಳಿದೆ. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಏನೋ ಬೆಳಕಾಯಿತು, ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಯಿತು.

‘ಅಷ್ಟೂ ಕೂಸುಗಳು ನನ್ನ ಮಗಳಿಗೆ ಕಾಯಾಕತ್ತಾವೇನ್ರೀ?’ ಎಂದು ಕೇಳಿದಳು. ‘ಹಂಗಾದ್ರ ಬಂದೇ ಬರ್ತಾಳ ಬಿಡ್ರಿ.’ ಮತ್ತೆ ಮಂಡಿಯೂರಿ ತೊಟ್ಟಿಗೆ ಕೈ ಇಳಿಬಿಟ್ಟಳು.

ಹೊರಗೆ ಬರುವಾಗ ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದ. ಬಿಳಿ ಅಂಗಿಯ ತೆಳ್ಳನೆಯ ಮನುಷ್ಯ, ದನಿ ಏರಿಸುವವನಲ್ಲ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಟೀ ತರಿಸಿದ. ನಾನು ಕೂಗಾಡಿದೆ. ಆ ಹುಡುಗಿಯನ್ನು ಊರಿಗೆ ಕಳಿಸು, ಇಲ್ಲದಿದ್ದರೆ ಒಳಗೆ ಕೈ ಇದೆ ಎಂದು ಊರಿಗೆಲ್ಲ ಸಾರುತ್ತೇನೆ ಎಂದೆ. ಅವನು ನಾನು ಸುಸ್ತಾಗುವವರೆಗೆ ಕೇಳಿಸಿಕೊಂಡ.

‘ಕಳಿಸ್ತೀನಮ್ಮ. ನಾಳೇನೇ ಕಳಿಸ್ತೀನಿ. ಆದರೆ ತೊಟ್ಟಿ ಖಾಲಿ ಬಿಡೋಕಾಗಲ್ಲ. ನಿಮ್ಮ ಒರಳಿಗೂ ಒಂದು ಕೈ ಬೇಕು, ನನ್ನ ತೊಟ್ಟಿಗೂ ಒಂದೇ ಕೈ ಬೇಕು. ನಮ್ಮ ಲಾಭ ಇರೋದೇ ಅಲ್ಲಿ. ಆ ಕೈ ನಿಮ್ಮದಾಗಲಿ. ಊರಲ್ಲಿ ನಿಮ್ಮ ಕೈಗೆ ಹೆಸರಿದೆ. ನೀವು ಬಂದರೆ ಮುಚ್ಚಿಡೋದೇನಿಲ್ಲ, ಪ್ಯಾಕೆಟ್ ಮೇಲೆ ನಿಮ್ಮ ಚಿತ್ರಾನೇ ಹಾಕ್ತೀನಿ.’

‘ನನ್ನ ಅಂಗಡಿ?’

‘ಇನ್ನೆಷ್ಟು ದಿನ ನಡೆಸ್ತೀರಿ?’ ಎಂದ. ಬಟ್ಟಲಿನ ಟೀ ನನ್ನ ಕಡೆ ಸರಿಸಿದ. ‘ಅಲ್ಲದೆ ನಮ್ಮ ಹಾಲು ನಿಮಗೆ ಹೊಸದೇನೂ ಅಲ್ಲವಲ್ಲ ಅಮ್ಮ. ಮೂಡಣ ಬೀದಿಯ ಅಂಗಡಿಯಿಂದ ದಿನಾ ಒಬ್ಬರೇ ಅಷ್ಟು ಪ್ಯಾಕೆಟ್ ಒಯ್ಯೋದು ಯಾರು ಅಂತ ನಾವು ವಿಚಾರಿಸದೆ ಇರ್ತೀವಾ?’

ನಾನು ತಟ್ಟನೆ ಎಡಭುಜದ ಮೇಲಿಂದ ಹಿಂದೆ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಯಾರಿಗೂ ಹೇಳುವುದಿಲ್ಲ, ಅದು ನಮ್ಮ ನಮ್ಮಲ್ಲೇ ಇರಲಿ ಎಂದು ಅವನು ನಕ್ಕ. ನಾನು ಒಪ್ಪಿಕೊಂಡೆ. ಜಾಜಿಗಾಗಿ ಒಪ್ಪಿಕೊಂಡೆ, ಆ ಹುಡುಗಿಗಾಗಿ ಒಪ್ಪಿಕೊಂಡೆ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಮ್ಯಾನೇಜರ ಕೊನೆಯ ಮಾತಿಲ್ಲದಿದ್ದರೆ ಅಷ್ಟು ಬೇಗ ತಲೆಯಾಡಿಸುತ್ತಿದ್ದೆನೆ ಎಂಬುದು ಗೊತ್ತಿಲ್ಲ.

ಮೂರನೆಯ ದಿನ ದುರ್ಗವ್ವ ನಾಲ್ಕರ ಬಸ್ಸು ಹತ್ತಿದಳು. ಊರಿನ ಎಲ್ಲ ಪುಟ್ಟ ಮಕ್ಕಳೂ ಎಂದಿನಂತೆ ರಸ್ತೆಯಲ್ಲಿದ್ದವು. ಇವಳು ಒಂದು ಕೈಚೀಲ ಹಿಡಿದು ಅವುಗಳ ನಡುವೆ ನಡೆದು ಹೋದಾಗ ಒಂದೂ ಅವಳನ್ನು ತಿರುಗಿ ನೋಡಲಿಲ್ಲ. ಎಲ್ಲವೂ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದವು. ಬಸ್ಸು ಹೊರಟು ಮರೆಯಾದ ಮೇಲೆ ಮೊದಲ ಸಲ ಅವು ಅತ್ತವು. ಎಲ್ಲವೂ ಒಂದೇ ಸಲಕ್ಕೆ, ಒಂದೇ ದನಿಯಲ್ಲಿ. ಜಾಜಿ ನನ್ನ ಕೊರಳಿಗೆ ಜೋತುಬಿದ್ದು ಬಿಕ್ಕಿದಳು. ಮೂರು ದಿನ ಬಿಟ್ಟು ಮತ್ತೆ ನಾಲ್ಕು ಹೊಡೆದಾಗ, ಅಷ್ಟರಲ್ಲಿ ಮೂರು ತುಂಬಿಬಿಟ್ಟಿದ್ದ ಒಂದೆರಡನ್ನು ಬಿಟ್ಟರೆ ರಸ್ತೆ ಖಾಲಿಯಿತ್ತು. ಅಂದರೆ ಅವಳು ಊರು ಮುಟ್ಟಿದ್ದಳು. ಆಮೇಲೆ ಬಸ್ಸಿನ ಕಂಡಕ್ಟರ್ ಒಬ್ಬ ಸುದ್ದಿ ತಂದ. ಮಗಳು ಅವಳ ಗುರುತು ಹಿಡಿಯಲಿಲ್ಲವಂತೆ, ಎತ್ತಿಕೊಂಡರೆ ಅಜ್ಜಿಯ ಕಡೆ ಕೈ ಚಾಚುತ್ತಾಳಂತೆ. ಆದರೂ ಸೊಂಟದ ಮೇಲೆ ಹೊತ್ತುಕೊಂಡೇ ಇರುತ್ತಾಳಂತೆ. ಅದನ್ನು ಕೇಳಿ ನನ್ನ ಮನಸ್ಸು ಸ್ವಲ್ಪ ತಣಿಯಿತು.

ನಾನು ತೊಟ್ಟಿಗೆ ಕೈ ಹಾಕಿದ ಮೊದಲ ದಿನ ಊರಿಗೆ ಊರೇ ನೆರೆದಿತ್ತು. ಕಾರ್ಖಾನೆಯ ಬಾಗಿಲಿಗೆ ಮಾವಿನ ತೋರಣ. ಪ್ಯಾಕೆಟ್ಟಿನ ಮೇಲೆ ಎಡಗಿವಿ ಹಿಡಿದುಕೊಂಡಿರುವ ನನ್ನ ಚಿತ್ರ, ಕೆಳಗೆ ‘ನಮ್ಮ ಚೆನ್ನಾಜಮ್ಮನ ಕೈಹಾಲು.’ ಬೆಲೆ ಎರಡು ರೂಪಾಯಿ ಏರಿಸಿದ್ದರು, ಯಾರೂ ಗೊಣಗಲಿಲ್ಲ. ಪದ್ಧತಿ ಬಿಡಬಾರದು ಎಂದು ಸುಮಿತ್ರೆಯನ್ನು ಹೊಸಿಲ ಮೇಲೆ ನಿಲ್ಲಿಸಿದರು. ಅವಳು ಮನೆಯಿಂದ ಅದೇ ಹಿತ್ತಾಳೆ ಚೊಂಬು ತಂದಿದ್ದಳು.

‘ಹೇಳಿ ಅತ್ತೆ,’ ಎಂದಳು.

ಸುತ್ತ ನನ್ನ ನಲವತ್ತು ಮನೆಯವರು ನಿಂತಿದ್ದರು. ಸಾಕಮ್ಮ ಮೊಮ್ಮಗನನ್ನು ಎತ್ತಿಕೊಂಡು ಮುಂದೆಯೇ ಇದ್ದಳು. ಆ ಮಗು ಒಂದು ದಿನವೂ ನಾಲ್ಕು ಗಂಟೆಗೆ ಎದ್ದು ನಿಂತಿರಲಿಲ್ಲ, ಕಿವಿ ಜಗ್ಗುತ್ತಾ ನನ್ನನ್ನೇ ನೋಡುತ್ತಿತ್ತು. ಮ್ಯಾನೇಜರು ಕೈಕಟ್ಟಿ ನಿಂತಿದ್ದ. ನಾನು ಬಾಯಿ ತೆರೆದೆ.

‘ಮಂಡಿ ನೋವು ಕಣೆ,’ ಎಂದೆ.

ಸುಮಿತ್ರೆ ನನ್ನ ಮುಖ ನೋಡಿ, ಆಮೇಲೆ ನೀರು ಹಾಕಿದಳು.

ಎರಡು ತಿಂಗಳು ಕಳೆದವು. ತೊಟ್ಟಿಯಲ್ಲಿ ಕದ್ದು ಬೆರೆಸುವುದು ಏನೂ ಇರಲಿಲ್ಲ. ಹಾಗಾಗಿ ಹೆದರಿಕೆ ತಾನಾಗಿಯೇ ಕರಗುತ್ತದೆ ಎಂದು ನಂಬಿದ್ದೆ. ಮಕ್ಕಳು ಕಿವಿ ಜಗ್ಗುವುದು ಯಾವಾಗ ಶುರುವಾಗುತ್ತದೆ ಎಂದು ಊರವರು ಕಾಯುತ್ತಿದ್ದರು, ಯಾರ ಮನೆಯ ಮಗು ಮೊದಲು ಜಗ್ಗುತ್ತದೆ ಎಂದು ಪಂದ್ಯ ಕಟ್ಟಿದವರೂ ಇದ್ದರು. ಬೀದಿಗಳು ಮತ್ತೆ ಮೊದಲಿನಂತಾದವು. ಅಂಗನವಾಡಿಯ ಚಪ್ಪರ ಬಿಚ್ಚಿದರು. ತಾಯಂದಿರು ದಾರಿಯಲ್ಲಿ ನಿಲ್ಲಿಸಿ ನನ್ನ ಕೈಗಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಕೈಯನ್ನು ಬೇಗ ಎಳೆದುಕೊಳ್ಳುತ್ತಿದ್ದೆ.

ನಿನ್ನೆ ರಜೆ. ಸಂಜೆ ನಮ್ಮ ಜಗಲಿಯಲ್ಲಿ ಏಳೆಂಟು ಹೆಂಗಸರು ಸೇರಿದ್ದರು, ಪರ್ವತಣ್ಣನೂ ಬಂದಿದ್ದ. ಮಕ್ಕಳನ್ನು ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ, ಸುಮಿತ್ರೆ ಎಲ್ಲಕ್ಕೂ ಒಂದೊಂದು ಲೋಟ ಹಾಲು ಕೊಟ್ಟಳು. ಜಾಜಿ ಮೊದಲ ಮೆಟ್ಟಿಲಿನಲ್ಲಿದ್ದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತುಟಿಯವರೆಗೆ ತಂದಳು. ಅಲ್ಲಿ ತಡೆದಳು. ಎಡಭುಜದ ಮೇಲಿಂದ ಮೆಲ್ಲಗೆ ಹಿಂದಕ್ಕೆ, ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಗಟಗಟ ಕುಡಿದಳು.

ಅವಳ ಪಕ್ಕದ ಮಗು ಲೋಟ ಎತ್ತಿತು, ತಡೆಯಿತು, ಹಿಂದೆ ನೋಡಿತು, ಕುಡಿಯಿತು. ಅದರ ಪಕ್ಕದ್ದು. ಅದರ ಪಕ್ಕದ್ದು. ಎದುರುಮನೆಯ ಜಗಲಿಯಲ್ಲಿ ಕೂತಿದ್ದ ಎರಡು ವರ್ಷದ ಹುಡುಗನೂ ಹಾಗೇ ಮಾಡಿದ. ಅವರ ಕಣ್ಣಲ್ಲಿ ಮಕ್ಕಳ ಕಣ್ಣಲ್ಲಿ ಇರಬಾರದ ಏನೋ ಒಂದು ಇತ್ತು. ಅದು ಏನು ಎಂದು ಆ ಜಗಲಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡೆ.

ಹೆಂಗಸರು ನಕ್ಕರು. ‘ಇದೇನು ಚೆನ್ನಾಜಮ್ಮ, ಕಿವಿ ಬಿಟ್ಟು ಹೊಸದು ಕೊಟ್ಟಿದೀಯ!’ ಎಂದಳು ಸಾಕಮ್ಮ. ‘ಮೂವತ್ತು ವರ್ಷದಿಂದ ನೋಡ್ತಿದೀನಿ, ನೀನು ಹೀಗೆ ಮಾಡಿದ್ದು ಕಂಡೇ ಇಲ್ವಲ್ಲ. ಯಾರದೇ ಇದು ಚಾಳಿ?’

ಜಾಜಿಗೆ ಮೂರು ತುಂಬಲು ಇನ್ನು ಎರಡು ತಿಂಗಳಿದೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

‘ನಂಗೇನು ಗೊತ್ತೇ,’ ಎಂದೆ. ಅಷ್ಟು ಹೇಳುವ ಮೊದಲು ನಾನೊಮ್ಮೆ ಎಡಭುಜದ ಮೇಲಿಂದ ಹಿಂದೆ ನೋಡಿದ್ದೆ. ಈ ಸಲ ಬಾಗಿಲು ಖಾಲಿ ಇರಲಿಲ್ಲ. ಹಿತ್ತಾಳೆ ಚೊಂಬು ಹಿಡಿದು ಸುಮಿತ್ರೆ ನಿಂತಿದ್ದಳು. ಮಕ್ಕಳನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.